ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂಗೆ ಸಾಸ್ ನೋಡಿ ಅಂಕ ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ.

2026ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳಲ್ಲಿ ಕೆಲವು ಅಮೆರಿಕದ ಕ್ಯಾನ್ಸಸ್ ಸಿಟಿಗೂ ಸಿಕ್ಕಿವೆ ಎಂಬ ನೆಪದಲ್ಲಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಇಲ್ಲಿನ ಬಾರ್ಬೆಕ್ಯೂ (ಸೌದೆ ಹೊಗೆಯಲ್ಲಿ ನಿಧಾನವಾಗಿ ಬೇಯಿಸಿದ ಮಾಂಸ) ಹೋಟೆಲ್‌ಗಳನ್ನು ಹೋಲಿಸಿ ಒಂದು ಲೇಖನ ಬಂದಿತ್ತು. ಈ ಊರು ಮಿಸ್ಸೌರಿ, ಕ್ಯಾನ್ಸಸ್ ಎರಡೂ ರಾಜ್ಯಗಳ ಗಡಿಯಲ್ಲಿ ಹರಡಿದೆ. ನಾನು ಅದರ ಪಕ್ಕದಲ್ಲೇ, ಕ್ಯಾನ್ಸಸ್ ರಾಜ್ಯದ ಕಡೆ ಇರುವವನು, ಮಾಂಸ ತಿನ್ನುವವನು, ಹಾಗಾಗಿ ಖುಷಿಯಿಂದಲೇ ಓದಲು ಕೂತೆ. ಖುಷಿ ಅರ್ಧ ಪುಟಕ್ಕೇ ಮುಗಿಯಿತು. ಕೂರುವ ಜಾಗ ಹೇಗಿದೆ, ಬಡಿಸುವವರು ನಗುತ್ತಾರಾ, ಸಾಸ್ ಎಷ್ಟು ಬಗೆ ಇದೆ, ಸಾಸ್ ಸಿಹಿ ಇದೆಯಾ. ಇಷ್ಟಕ್ಕೇ ನಕ್ಷತ್ರ ಹಂಚಿದ್ದೀರಿ. ಜ್ಯಾಕ್ ಸ್ಟ್ಯಾಕ್‌ಗೆ ಮೊದಲ ಸ್ಥಾನ, ಪೆಟ್ರೋಲ್ ಬಂಕ್‌ನೊಳಗೆ ಇರುವ ಜೋಸ್‌ಗೆ ಎರಡನೆಯದು, ಆರ್ಥರ್ ಬ್ರಯಂಟ್ಸ್‌ಗೆ ಕೊನೆಯದು. ಕಾರಣ? ಹಳೇ ಕಟ್ಟಡ, ಮತ್ತು ಸಾಸ್ ಬಾಯಿಗೆ ಮರಳು ಮರಳಾಗಿ ಸಿಗುತ್ತದೆ ಅಂತ. ಎಲ್‌ಸೀಸ್ ಅನ್ನೋ ಅಂಗಡಿಯ ಹೆಸರೇ ಇಲ್ಲ. ಮಾಂಸ ಹೇಗಿತ್ತು ಅನ್ನೋದಕ್ಕೆ ಇಡೀ ಲೇಖನದಲ್ಲಿ ಸಿಕ್ಕಿದ್ದು ಎರಡು ಸಾಲು, ಅದರಲ್ಲೂ ಒಂದು ಸಾಲು 'ಬಾಯಲ್ಲಿಟ್ಟರೆ ಕರಗುತ್ತದೆ'.

ಬಾರ್ಬೆಕ್ಯೂ ಹೋಟೆಲನ್ನು ಸಾಸ್ ನೋಡಿ ಅಳೆಯುವುದು ತಪ್ಪು ಅಂತ ಹೇಳೋದಕ್ಕೇ ಈ ಪತ್ರ. ಅಳೆಯಬೇಕಾದದ್ದು ಬೆಂಕಿಯನ್ನು, ಆ ಬೆಂಕಿಯ ಮೇಲೆ ಯಾವ ಭಾಗದ ಮಾಂಸ ಎಷ್ಟು ಹೊತ್ತು ಇತ್ತು ಅನ್ನೋದನ್ನು. ಹಾಗೆ ಅಳೆದರೆ ನಿಮ್ಮ ಪಟ್ಟಿ ಹೆಚ್ಚುಕಡಿಮೆ ತಲೆಕೆಳಗಾಗುತ್ತದೆ.

ಮೊದಲು ಬ್ರಯಂಟ್ಸ್ ವಿಚಾರ, ಯಾಕೆಂದರೆ ಸಿಟ್ಟು ಬಂದದ್ದು ಅಲ್ಲೇ. ಈ ಊರಿನ ಬಾರ್ಬೆಕ್ಯೂ ಶುರುವಾದದ್ದು ಹೆನ್ರಿ ಪೆರ್ರಿ ಎಂಬ ಕಪ್ಪು ವರ್ಣೀಯ ಅಡುಗೆಯವನಿಂದ. ಟೆನೆಸ್ಸಿಯ ಮೆಂಫಿಸ್ ಹತ್ತಿರದವನು. ಹಬೆದೋಣಿಗಳ ಅಡುಗೆಮನೆಯಲ್ಲಿ ಕೆಲಸ ಮಾಡಿಕೊಂಡು ಊರೂರು ಸುತ್ತಿ 1907ರಲ್ಲಿ ಇಲ್ಲಿಗೆ ಬಂದ. ಬಟ್ಟೆ ಕಾರ್ಖಾನೆಗಳ ಬೀದಿಯ ಒಂದು ಸಂದಿಯಲ್ಲಿ ಒಲೆ ಹೂಡಿ, ಹಿಕರಿ ಮತ್ತು ಓಕ್ ಸೌದೆಯಲ್ಲಿ ಬೇಯಿಸಿದ ಮಾಂಸವನ್ನು ಹಳೇ ಪೇಪರಿನಲ್ಲಿ ಸುತ್ತಿ ಕಾರ್ಮಿಕರಿಗೆ ಮಾರುತ್ತಿದ್ದ. ಆಮೇಲೆ 18ನೇ ಬೀದಿ ಮತ್ತು ವೈನ್ ಬೀದಿ ಕೂಡುವ ಕಡೆ, ಅಂದರೆ ಜಾಝ್ ಸಂಗೀತಕ್ಕೆ ಹೆಸರಾದ ಕಪ್ಪು ಜನರ ಬಡಾವಣೆಗೆ ಅಂಗಡಿ ಸಾಗಿಸಿದ. ಅವನು 1940ರಲ್ಲಿ ತೀರಿಕೊಂಡ ಮೇಲೆ ಅವನ ಬಳಿ ಕೆಲಸಕ್ಕಿದ್ದ ಚಾರ್ಲಿ ಬ್ರಯಂಟ್ ಅಂಗಡಿ ನೋಡಿಕೊಂಡ. 1946ರಲ್ಲಿ ಅದು ಚಾರ್ಲಿಯ ತಮ್ಮ ಆರ್ಥರ್ ಕೈಗೆ ಬಂತು. ಪೆರ್ರಿಯ ಬಳಿಯೇ ಪಳಗಿದ್ದ ಆರ್ಥರ್ ಪಿಂಕಾರ್ಡ್ ಎಂಬ ಇನ್ನೊಬ್ಬ ಅಡುಗೆಯವನು ಅದೇ 1946ರಲ್ಲಿ ಗೇಟ್ಸ್ ಕುಟುಂಬ ಕೊಂಡುಕೊಂಡ ಅಂಗಡಿಯಲ್ಲಿದ್ದ. ಅದೇ ಈಗಿನ ಗೇಟ್ಸ್. ಅಂದರೆ ನಿಮ್ಮ ಲೇಖನ ಎದುರುಬದುರು ನಿಲ್ಲಿಸಿ ಅಂಕ ಕೊಟ್ಟ ಬ್ರಯಂಟ್ಸ್ ಮತ್ತು ಗೇಟ್ಸ್ ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರ ಮನೆಗಳು. ಇದನ್ನು ಹೇಳದೆ ಇವೆರಡನ್ನು ಹೋಲಿಸಿದರೆ ಓದುಗರಿಗೆ ಏನು ಸಿಕ್ಕಂತಾಯ್ತು?

ಈಗ ಆ ಮರಳು ಮರಳು ಸಾಸ್. ಪೆರ್ರಿಯ ಸಾಸ್ ಬಾಯಿ ಸುಡುವಷ್ಟು ಖಾರ ಇತ್ತಂತೆ, ಆರ್ಥರ್ ಬ್ರಯಂಟ್ ಅದನ್ನು ಸ್ವಲ್ಪ ತಗ್ಗಿಸಿದ. ಆದರೂ ಅದು ಈಗಲೂ ವಿನೆಗರ್ ಹುಳಿ ಜಾಸ್ತಿ ಇರುವ, ಕೆಂಪು ಮೆಣಸಿನ ಪುಡಿಯ ತರಿ ನಾಲಿಗೆಗೆ ತಾಕುವ, ಇಟ್ಟಿಗೆ ಬಣ್ಣದ ಸಾಸ್. ತರಿ ಇರುವುದು ಕೆಟ್ಟು ಹೋಗಿ ಅಲ್ಲ, ಅದನ್ನು ಹಾಗೇ ಮಾಡುವುದು. ಕೊಬ್ಬಿನ ಮಾಂಸದ ಜೊತೆ ಆ ಹುಳಿ ಬೇಕು. ಗೇಟ್ಸ್ ಸಾಸ್ ಟೊಮೆಟೊದ ಕಡೆ ವಾಲುತ್ತದೆ, ಸೆಲರಿಯ ವಾಸನೆ ಇರುತ್ತದೆ, ಖಾರ ಹಿಂದಿನಿಂದ ಬರುತ್ತದೆ. ಎರಡೂ ಜೇನಿನಂಥ ಸಿಹಿ ಅಲ್ಲವೇ ಅಲ್ಲ. ಹಾಗಿದ್ದರೆ 'ಕ್ಯಾನ್ಸಸ್ ಸಿಟಿ ಎಂದರೆ ಗಟ್ಟಿ ಸಿಹಿ ಸಾಸ್' ಅನ್ನೋ ಮಾತು ಎಲ್ಲಿಂದ ಬಂತು? ಬಾಟಲಿಯಿಂದ. 1970ರ ದಶಕದ ಕೊನೆಗೆ ರಿಚ್ ಡೇವಿಸ್ ಎಂಬ ಇಲ್ಲಿನ ಮನೋವೈದ್ಯರು ಕೆಸಿ ಮಾಸ್ಟರ್‌ಪೀಸ್ ಅಂತ ಒಂದು ಸಾಸ್ ಶುರುಮಾಡಿದರು. 1986ರಲ್ಲಿ ಅದನ್ನು ಇದ್ದಿಲು ಮಾರುವ ಕಿಂಗ್ಸ್‌ಫರ್ಡ್ ಕಂಪನಿಗೆ ಮಾರಿದರು, ಅದು ದೇಶದ ಎಲ್ಲ ಸೂಪರ್ ಮಾರ್ಕೆಟ್‌ಗೂ ಹೋಯಿತು. ಊರು ನೋಡದವರ ನಾಲಿಗೆಯಲ್ಲಿ ಅದೇ ಕ್ಯಾನ್ಸಸ್ ಸಿಟಿ ರುಚಿ ಆಗಿ ಕೂತಿತು. ನಿಮ್ಮ ಲೇಖಕರು ಆ ಬಾಟಲಿಯ ರುಚಿಯನ್ನು ಮನಸ್ಸಲ್ಲಿಟ್ಟುಕೊಂಡು, ಅದಕ್ಕಿಂತ ಎಷ್ಟೋ ಹಳೆಯ ಅಂಗಡಿಗೆ ಹೋಗಿ 'ಸಿಹಿ ಸಾಲದು' ಅಂದಿದ್ದಾರೆ.

ಇನ್ನು ಮಾಂಸದ ಮಾತು. ಈ ಊರಿನಲ್ಲಿ 1871ರಿಂದ 1991ರವರೆಗೆ ದೊಡ್ಡ ದನದ ಸಂತೆ ಇತ್ತು, ಒಂದು ಕಾಲಕ್ಕೆ ಷಿಕಾಗೋ ಬಿಟ್ಟರೆ ದೇಶದಲ್ಲೇ ಎರಡನೆಯದು. ರೈಲು ತುಂಬ ದನ ಬರುತ್ತಿದ್ದವು. ಒಳ್ಳೆ ಭಾಗವೆಲ್ಲ ದೊಡ್ಡ ಹೋಟೆಲ್‌ಗಳಿಗೆ ಹೋದ ಮೇಲೆ ಯಾರಿಗೂ ಬೇಡದ ಎದೆಯ ಭಾಗ, ಅಂದರೆ ಬ್ರಿಸ್ಕೆಟ್, ಅಗ್ಗಕ್ಕೆ ಸಿಗುತ್ತಿತ್ತು. ನಾರು ನಾರು, ಗಟ್ಟಿ. ಬೇಗ ಬೇಯಿಸಿದರೆ ಚಪ್ಪಲಿ ಅಗಿದ ಹಾಗೆ. ಅದನ್ನು 110ರಿಂದ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹೊಗೆಯಲ್ಲಿ ಹತ್ತು ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಇಟ್ಟರೆ ಒಳಗಿನ ಗಟ್ಟಿ ಅಂಟು ನಿಧಾನವಾಗಿ ಜೆಲಟಿನ್ ಆಗಿ ಇಳಿಯುತ್ತದೆ. ಒಳಗಿನ ಶಾಖ 65-70 ಡಿಗ್ರಿಗೆ ಬಂದಾಗ ಮೇಲಿನ ತೇವ ಆರುತ್ತಾ ಮಾಂಸವನ್ನು ತಣಿಸುತ್ತಿರುತ್ತದೆ, ಗಂಟೆಗಟ್ಟಲೆ ಶಾಖ ಏರುವುದೇ ಇಲ್ಲ. ಬೆಂಕಿ ಕಾಯುವವನ ತಾಳ್ಮೆ ಗೊತ್ತಾಗುವುದು ಆಗ. ಅವಸರ ಮಾಡಿ ಇಳಿಸಿದರೆ ಸಾಸ್ ಬಕೆಟ್‌ಗಟ್ಟಲೆ ಸುರಿದರೂ ಉಪಯೋಗ ಇಲ್ಲ.

ಅಂದ ಹಾಗೆ, ಬೆಂದ ಮಾಂಸದ ಮೇಲಿನ ಕರಿ ಸಿಪ್ಪೆಯ ಕೆಳಗೆ ಕಾಣುವ ಗುಲಾಬಿ ಪಟ್ಟಿಯನ್ನು ನೋಡಿ ಲೇಖಕರು 'ಸ್ವಲ್ಪ ಹಸಿ ಇದ್ದಂತಿತ್ತು' ಅಂತ ಬರೆದಿದ್ದಾರೆ. ಅದು ಹಸಿ ಅಲ್ಲ ಸ್ವಾಮಿ! ಸೌದೆ ಉರಿಯುವಾಗ ಬರುವ ನೈಟ್ರಿಕ್ ಆಕ್ಸೈಡ್ ಮಾಂಸದ ಬಣ್ಣದ ಜೊತೆ ಸೇರಿ ಆಗುವ ಗುಲಾಬಿ ಅದು. ಹನ್ನೆರಡು ಗಂಟೆ ಬೆಂದ ಮೇಲೂ ಹಾಗೇ ಇರುತ್ತದೆ. ಬೇರೆ ಊರಿನಿಂದ ಬರುವ ನೆಂಟರಿಗೆ ಇದನ್ನು ಪ್ರತಿ ಸಲ ಹೇಳಬೇಕಾಗುತ್ತೆ, ಹೇಳಿದರೂ ಕೆಲವರು ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ, ನಮಗೇ ಲಾಭ.

ಬ್ರಿಸ್ಕೆಟ್ ಒಂದನ್ನೇ ಇಟ್ಟುಕೊಂಡು ಹೋಲಿಸಿದರೆ ಜೋಸ್ ಗೆಲ್ಲುತ್ತದೆ, ಇದರಲ್ಲಿ ನಿಮ್ಮ ಲೇಖಕರ ಜೊತೆ ನನ್ನದೂ ಒಂದೇ ಮಾತು. 1996ರಲ್ಲಿ ಒಕ್ಲಹೋಮ ಜೋಸ್ ಅಂತ ಶುರುವಾಗಿ 2014ರಲ್ಲಿ ಹೆಸರು ಬದಲಿಸಿದ ಅಂಗಡಿ. ಮಾಲೀಕರು ಬಾರ್ಬೆಕ್ಯೂ ಸ್ಪರ್ಧೆಗಳಿಂದ ಬಂದವರು, ಆ ಶಿಸ್ತು ಎದ್ದು ಕಾಣುತ್ತದೆ. ಯಾವತ್ತು ಹೋದರೂ ಹದ ಒಂದೇ. ಅಲ್ಲಿನ ಝೀ-ಮ್ಯಾನ್ ಸ್ಯಾಂಡ್‌ವಿಚ್ ಬಗ್ಗೆ ಎಲ್ಲರೂ ಬರೆಯುತ್ತಾರೆ: ಬ್ರಿಸ್ಕೆಟ್, ಹೊಗೆ ಹಾಕಿದ ಪ್ರೊವೊಲೋನ್ ಚೀಸ್, ಮೇಲೆ ಗರಿಗರಿ ಈರುಳ್ಳಿ ಬಳೆ. ತಿನ್ನಿ, ಚೆನ್ನಾಗಿದೆ. ಆದರೆ ಹೋಲಿಸಬೇಕು ಅಂತ ಹೋದವರು ಬ್ರಿಸ್ಕೆಟ್ ಮಾತ್ರ ತಗೊಳ್ಳಿ. ಚೀಸು, ಈರುಳ್ಳಿ, ಬನ್ನಿನ ನಡುವೆ ಮಾಂಸ ಹೇಗಿದೆ ಅಂತ ತಿಳಿಯುವುದು ಕಷ್ಟ.

ಬ್ರಯಂಟ್ಸ್‌ನಲ್ಲಿ ಬ್ರಿಸ್ಕೆಟ್ ಬೇರೆಯೇ ವಸ್ತು. ಈ ಊರಿನ ಹಳೇ ಅಂಗಡಿಗಳಲ್ಲಿ ಅದನ್ನು ಯಂತ್ರದಲ್ಲಿ ತೆಳ್ಳಗೆ ಕುಯ್ಯುತ್ತಾರೆ. ಟೆಕ್ಸಸ್‌ನವರು ಚಾಕುವಿನಲ್ಲಿ ಪೆನ್ಸಿಲ್ ದಪ್ಪಕ್ಕೆ ಕುಯ್ದು ಕೊಡುತ್ತಾರಲ್ಲ, ಹಾಗಲ್ಲ. ಕೌಂಟರಿನಲ್ಲಿ ನಿಂತು ನೋಡಿ. ಕಟ್ಟೆಯ ಆಚೆ ನಿಂತವನು ಎರಡು ತುಂಡು ಬಿಳಿ ಬ್ರೆಡ್ ಇಟ್ಟು, ಕೈ ತುಂಬ ಹಿಡಿದ ಮಾಂಸವನ್ನು ಅದರ ಮೇಲೆ ಹಾಕುತ್ತಾನೆ, ಸಾಲದು ಅನ್ನುವಂತೆ ಇನ್ನೊಂದು ಹಿಡಿ ಹಾಕುತ್ತಾನೆ, ಮೇಲಿನ ಬ್ರೆಡ್ ಒತ್ತಿದರೆ ಪಕ್ಕದಿಂದೆಲ್ಲ ಇಳಿಯುತ್ತದೆ. ಅಳತೆ ಇಲ್ಲ, ಅಲಂಕಾರ ಇಲ್ಲ. ರಸ ಇಳಿದು ಕೆಳಗಿನ ಬ್ರೆಡ್ ಐದು ನಿಮಿಷದಲ್ಲಿ ಕೈಯಲ್ಲೇ ಮುದ್ದೆಯಾಗುತ್ತದೆ, ಹಾಗಾಗಿ ಫೋಟೊ ತೆಗೆಯುತ್ತಾ ಕೂರಬೇಡಿ. ಕೆಲವು ದಿನ ಮಾಂಸ ಸ್ವಲ್ಪ ಒಣಗಿರುತ್ತದೆ ಅನ್ನೋದು ನಿಜ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಆ ತೆಳ್ಳನೆ ಮಾಂಸಕ್ಕೆ ಹುಳಿ ಸಾಸ್ ಹತ್ತಿದಾಗ ಬರುವ ರುಚಿ ದಪ್ಪ ತುಂಡಿಗೆ ಬರುವುದಿಲ್ಲ. ಒಂದಕ್ಕೊಂದು ಹೊಂದಿಸಿಯೇ ಮಾಡಿದ್ದು ಅವೆರಡು. ಟ್ರೂಮನ್‌ನಿಂದ ಒಬಾಮವರೆಗೆ ಹಲವು ಅಧ್ಯಕ್ಷರು ಇಲ್ಲಿ ತಿಂದು ಹೋಗಿದ್ದಾರೆ ಅಂತ ನೀವೇ ಬರೆದಿದ್ದೀರಿ, ಅಧ್ಯಕ್ಷರು ತಿಂದರೆ ರುಚಿ ಜಾಸ್ತಿ ಆಗಲ್ಲ, ಅದು ಬೇರೆ ಮಾತು. ಆದರೆ ಅವರ್ಯಾರೂ ಕುರ್ಚಿ ಮೆತ್ತಗಿದೆ ಅಂತಂತೂ ಬಂದಿರಲಾರರು.

ಬರ್ನ್ಟ್ ಎಂಡ್ಸ್ ಬಗ್ಗೆ 'ಕರಕಲಾದ ತುಂಡುಗಳು, ಸಾಸ್‌ನಲ್ಲಿ ಅದ್ದಿದ್ದು' ಅಂತ ಒಂದೇ ಸಾಲು ಬರೆದಿದ್ದೀರಿ. ಈ ಊರಿನದೇ ಅಂತ ಎದೆ ತಟ್ಟಿ ಹೇಳಬಹುದಾದ ತಿನಿಸು ಇದ್ದರೆ ಅದು ಇದೇ. ಬ್ರಿಸ್ಕೆಟ್‌ನಲ್ಲಿ ಎರಡು ಪದರ ಇರುತ್ತವೆ, ಒಂದು ಚಪ್ಪಟೆ, ಕೊಬ್ಬು ಕಡಿಮೆ. ಇನ್ನೊಂದು ಅದರ ಮೇಲೆ ಕೂತಿರುವ ಕೊಬ್ಬಿನ ಗುಡ್ಡೆ. ಹಿಂದೆ ಬ್ರಯಂಟ್ಸ್‌ನಲ್ಲಿ ಮಾಂಸ ಕುಯ್ಯುವಾಗ ಅಂಚಿನ ಕಪ್ಪು ಚೂರುಗಳು ಉದುರಿದರೆ ಕೌಂಟರಿನ ಪಕ್ಕಕ್ಕೆ ತಳ್ಳುತ್ತಿದ್ದರು, ಸಾಲಿನಲ್ಲಿ ನಿಂತವರು ಸುಮ್ನೆ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ದುಡ್ಡಿಲ್ಲ. ಇದೇ ಊರಿನಲ್ಲಿ ಹುಟ್ಟಿದ ಒಬ್ಬ ಪತ್ರಕರ್ತ 1972ರಲ್ಲಿ ಈ ಚೂರುಗಳನ್ನು ಹೊಗಳಿ, ಬ್ರಯಂಟ್ಸ್ ಜಗತ್ತಿನಲ್ಲೇ ಒಳ್ಳೆ ಹೋಟೆಲ್ ಅಂತ ಒಂದು ಮಾಸಪತ್ರಿಕೆಯಲ್ಲಿ ಬರೆದ. ಆಮೇಲೆ ಪುಕ್ಕಟೆ ಚೂರಿಗೆ ಬೆಲೆ ಬಂತು, ಮೆನುವಿನಲ್ಲಿ ಜಾಗ ಬಂತು. ಈಗ ಹೆಚ್ಚಿನ ಕಡೆ ಆ ಕೊಬ್ಬಿನ ಗುಡ್ಡೆಯನ್ನು ಬೇರೆ ಮಾಡಿ, ಚೌಕವಾಗಿ ಕತ್ತರಿಸಿ ಮತ್ತೆ ಹೊಗೆಗೆ ಇಟ್ಟು ಬೇಕಂತಲೇ ಮಾಡುತ್ತಾರೆ.

ಇದರಲ್ಲಿ ನನ್ನ ಓಟು ಎಲ್‌ಸೀಸ್‌ಗೆ. ಬ್ಲೂ ಪಾರ್ಕ್‌ವೇ ರಸ್ತೆ ಬದಿಯ ಪುಟ್ಟ ಅಂಗಡಿ, 1986ರಿಂದ ಇದೆ. ಒಳಗೆ ಹೋದರೆ ಕೌಂಟರಿನ ಹಿಂದೆಯೇ ಪಿಟ್, ಅಂದರೆ ಮಾಂಸ ಬೇಯಿಸುವ ಹೊಗೆ ಒಲೆ, ಅದರ ಬಾಗಿಲು ಮಸಿ ಹಿಡಿದು ಹಿಡಿದು ಮೂಲ ಬಣ್ಣ ಯಾವುದಿತ್ತೋ ದೇವರಿಗೇ ಗೊತ್ತು. ಬಾಗಿಲು ತೆಗೆದಾಗ ಹೊಗೆ ಸೀದಾ ನಿಮ್ಮ ಕಡೆ ಬರುತ್ತದೆ, ಅವತ್ತು ಹಾಕಿದ್ದ ಅಂಗಿ ಒಗೆಯುವವರೆಗೆ ಅದರ ವಾಸನೆ ಹೋಗಲ್ಲ. ಕೊಡುವ ಬರ್ನ್ಟ್ ಎಂಡ್ಸ್ ಚೌಕವೂ ಅಲ್ಲ, ಒಂದರ ಹಾಗೆ ಇನ್ನೊಂದಿರಲ್ಲ. ಒಂದು ತುಂಡು ಗಟ್ಟಿ, ಇನ್ನೊಂದು ತುಪ್ಪದ ಹಾಗೆ, ಮತ್ತೊಂದರಲ್ಲಿ ಬರೀ ಕರಿ ಸಿಪ್ಪೆ. ಆ ಏರುಪೇರೇ ಅದರ ಸೊಗಸು. ನಿಮ್ಮ ಅಂಕಪಟ್ಟಿಯಲ್ಲಿ 'ಒಳಾಂಗಣ' ಅನ್ನೋ ಕಾಲಮ್ಮಿಗೆ ಇದು ಸೊನ್ನೆ ತಗೊಳ್ಳುತ್ತೆ, ಗ್ಯಾರಂಟಿ. ಅದಕ್ಕೇ ಬಿಟ್ಟಿರಾ?

ಪಕ್ಕೆಲುಬಿಗೆ, ಅಂದರೆ ಹಂದಿಯ ರಿಬ್ಸ್‌ಗೆ ಗೇಟ್ಸ್. ಬಾಗಿಲು ದಾಟುವುದೇ ತಡ ಒಳಗಿನಿಂದ 'ಹಾಯ್, ಮೇ ಐ ಹೆಲ್ಪ್ ಯೂ' ಅಂತ ಕೂಗುತ್ತಾರೆ, ಮೆನು ಓದಲು ಬಿಡುವುದಿಲ್ಲ. ಲೇಖಕರಿಗೆ ಇದು ಒರಟುತನ ಅನ್ನಿಸಿದೆ. ಆ ಕೂಗು ಗೇಟ್ಸ್‌ನ ಗುರುತು, ಊರಿನ ಮಕ್ಕಳಿಗೂ ಗೊತ್ತು. ಏನು ಬೇಕು ಅಂತ ಮೊದಲೇ ಯೋಚಿಸಿಕೊಂಡು ಹೋದರೆ ಆಯ್ತು.

ರಿಬ್ಸ್ ವಿಷಯದಲ್ಲಿ ಇನ್ನೊಂದು ತಕರಾರು. ಒಂದು ಕಡೆ 'ಮೂಳೆಯಿಂದ ತಾನಾಗಿ ಕಳಚಿ ಬಿತ್ತು, ಅದ್ಭುತ' ಅಂತ ಐದು ನಕ್ಷತ್ರ ಕೊಟ್ಟಿದ್ದೀರಿ. ತಾನಾಗಿ ಕಳಚಿ ಬಿದ್ದರೆ ಅದು ಅತಿಯಾಗಿ ಬೆಂದಿದೆ ಅಂತ ಅರ್ಥ. ಇಲ್ಲಿ ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ ಅಂತ ಒಂದು ಸಂಘ ಇದೆ, ದೇಶದಾದ್ಯಂತ ಬಹಳಷ್ಟು ಸ್ಪರ್ಧೆಗಳಿಗೆ ನಿಯಮ ಇವರದೇ. ತೀರ್ಪುಗಾರರಿಗೆ ತರಬೇತಿ ಕೊಡುವಾಗ ಹೇಳುವುದು ಇದನ್ನೇ: ಕಚ್ಚಿದ ಕಡೆ ಮಾತ್ರ ಮಾಂಸ ಬರಬೇಕು, ಉಳಿದದ್ದು ಮೂಳೆಗೆ ಅಂಟಿಕೊಂಡೇ ಇರಬೇಕು. ಗೇಟ್ಸ್‌ನಲ್ಲಿ ಕಚ್ಚಿದರೆ ಹಲ್ಲಿನ ಗುರುತು ಸ್ಪಷ್ಟ ಮೂಡುತ್ತದೆ. ಆ ಸಂಘದ ಸ್ಪರ್ಧೆಗಳಲ್ಲಿ ಕೋಳಿ, ರಿಬ್ಸ್, ಹಂದಿ, ಬ್ರಿಸ್ಕೆಟ್ ನಾಲ್ಕಕ್ಕೂ ಬೇರೆ ಬೇರೆ ಅಂಕ. ಹೆಸರಿಲ್ಲದ ಡಬ್ಬಿಯಲ್ಲಿ ಬರುತ್ತದೆ, ಯಾರದು ಅಂತ ತೀರ್ಪುಗಾರರಿಗೆ ಗೊತ್ತಿರಲ್ಲ. ನೋಟ, ರುಚಿ, ಹದ ಅಂತ ಮೂರೇ ಅಳತೆ, ಅದರಲ್ಲಿ ರುಚಿಗೆ ತೂಕ ಜಾಸ್ತಿ. ಬಡಿಸುವವರ ನಗುವಿಗೆ ಅಂಕ ಇಲ್ಲ. ಇಷ್ಟು ಸರಳ ಪದ್ಧತಿ ಇದೇ ಊರಿನಲ್ಲಿ ಇರುವಾಗ ಪುರವಣಿಯವರು ಹೊಸ ಕಾಲಮ್ಮುಗಳನ್ನು ಯಾಕೆ ಹುಟ್ಟಿಸಬೇಕಿತ್ತು?

ಜ್ಯಾಕ್ ಸ್ಟ್ಯಾಕ್ ಮೇಲೆ ನನಗೆ ದ್ವೇಷ ಇಲ್ಲ. ಫಿಯೊರೆಲ್ಲಾ ಕುಟುಂಬದ್ದು, 1957ರಿಂದ ಅವರು ಈ ವ್ಯಾಪಾರದಲ್ಲಿದ್ದಾರೆ, ಹಿಕರಿ ಸೌದೆಯನ್ನೇ ಉರಿಸುತ್ತಾರೆ. ಬೇರೆ ಹಳೇ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗದ ದನದ ದೊಡ್ಡ ಪಕ್ಕೆಲುಬು, ಕುರಿಯ ಪಕ್ಕೆಲುಬು ಅಲ್ಲಿ ಸಿಗುತ್ತವೆ. ದನ, ಹಂದಿ ಎರಡೂ ತಿನ್ನದ ನಮ್ಮ ಕಡೆಯವರಿಗೆ ಆ ಕುರಿ ರಿಬ್ಸ್ ದೊಡ್ಡ ಸಮಾಧಾನ. ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಕೂರಿಸಿ ಬಡಿಸುತ್ತಾರೆ. ಟಿಪ್ಸ್ ಸೇರಿ ಬಿಲ್ಲೂ ಅದಕ್ಕೆ ತಕ್ಕ ಹಾಗೆ ಬರುತ್ತದೆ, ಕೌಂಟರಿನಲ್ಲಿ ತಟ್ಟೆ ಎತ್ತಿಕೊಳ್ಳುವ ಅಂಗಡಿಗಳ ಜೊತೆ ಅದರ ಬೆಲೆ ಹೋಲಿಸಬಾರದು. ನೀವು ಹೋಲಿಸಿದ್ದೀರಿ. 2014ರಲ್ಲಿ ಶುರುವಾದ ಕ್ಯೂ39 ಕೂಡ ಇದೇ ಸಾಲಿನದು, ಹೋಟೆಲ್ ಬಾಣಸಿಗರ ಕೈ ಕಾಣುವ ಅಚ್ಚುಕಟ್ಟು ತಟ್ಟೆ. ಚೆನ್ನಾಗಿರುತ್ತದೆ, ಅಷ್ಟೇ, ನನಗೆ ಜಾಸ್ತಿ ಹೇಳೋಕೆ ಇಲ್ಲ.

ಹೊತ್ತಿನ ಮಾತು ಹೇಳಲೇಬೇಕು, ಇದನ್ನು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ. ರಾತ್ರಿಯೆಲ್ಲ ಬೆಂದ ಬ್ರಿಸ್ಕೆಟ್ ಬೆಳಿಗ್ಗೆ ಇಳಿಯುತ್ತದೆ, ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಹನ್ನೊಂದರ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಅದೇ ಮಾಂಸ ಸಂಜೆ ಏಳಕ್ಕೆ ಬಿಸಿ ಪೆಟ್ಟಿಗೆಯಲ್ಲಿ ಕೂತು ಕೂತು ಬೇರೆಯೇ ಆಗಿರಬಹುದು. ಒಳ್ಳೆ ಹೆಸರಿನ ಒಂದು ಕಡೆ ಮುಚ್ಚುವ ಹೊತ್ತಿಗೆ ಹೋಗಿ, ಮೊದಲೇ ಕುಯ್ದಿಟ್ಟು ಅಂಚು ಬೂದಿ ಬಣ್ಣಕ್ಕೆ ತಿರುಗಿದ ಮಾಂಸವನ್ನು ದುಡ್ಡು ಕೊಟ್ಟು ತಿಂದಿದ್ದೇನೆ. ಅದೇ ಅಂಗಡಿಯದು ಮಧ್ಯಾಹ್ನ ಬಹಳ ಚೆನ್ನಾಗಿರುತ್ತದೆ. ಖಾಲಿಯಾದರೆ ಬಾಗಿಲು ಹಾಕುವ ಅಂಗಡಿಗಳನ್ನು 'ಗ್ರಾಹಕರ ಬಗ್ಗೆ ಕಾಳಜಿ ಇಲ್ಲ' ಅಂತ ನಿಮ್ಮ ಲೇಖನ ಬೈದಿದೆ. ನಾಳೆಗೆ ಉಳಿಸಿ ಬಿಸಿ ಮಾಡಿ ಕೊಡುವುದಿಲ್ಲ ಅಂತ ತಾನೇ ಅದರರ್ಥ? ಲೇಖಕರು ಯಾವ ಅಂಗಡಿಗೆ ಎಷ್ಟು ಗಂಟೆಗೆ ಹೋಗಿದ್ದರು ಅಂತ ಬರೆದಿದ್ದರೆ ಅರ್ಧ ಅಂಕಗಳ ಗುಟ್ಟು ಗೊತ್ತಾಗುತ್ತಿತ್ತು.

ಕೊನೆಗೆ ಎರಡು ತಿದ್ದುಪಡಿ, ದಯವಿಟ್ಟು ಹಾಕಿ. 'ಸಸ್ಯಾಹಾರಿಗಳು ಬೀನ್ಸ್ ಮತ್ತು ಚೀಸೀ ಕಾರ್ನ್ ತಿನ್ನಬಹುದು' ಅಂತ ಬಾಕ್ಸ್ ಮಾಡಿ ಹಾಕಿದ್ದೀರಿ. ಬಾರ್ಬೆಕ್ಯೂ ಅಂಗಡಿಯ ಬೀನ್ಸ್‌ನಲ್ಲಿ ಬ್ರಿಸ್ಕೆಟ್ ಚೂರು, ಮಾಂಸದಿಂದ ಇಳಿದ ಕೊಬ್ಬು ಹಾಕುವುದು ಮಾಮೂಲು, ಕಾರ್ನ್‌ನಲ್ಲೂ ಕೆಲವು ಕಡೆ ಹ್ಯಾಮ್, ಅಂದರೆ ಹಂದಿ ಮಾಂಸ ಇರುತ್ತದೆ. ಕೇಳದೆ ತಿನ್ನಬೇಡಿ. ಜೋಸ್‌ನಲ್ಲಿ ಅಣಬೆ ಹಾಕಿದ ಝೀ-ಮ್ಯಾನ್ ಇದೆ, ಸಸ್ಯಾಹಾರಿಗಳು ಅದನ್ನು ಕೇಳಬಹುದು. ಎರಡನೆಯದು, ನಿಮ್ಮ ನಕ್ಷೆಯಲ್ಲಿ ಆ ಪೆಟ್ರೋಲ್ ಬಂಕ್ ಅಂಗಡಿಯನ್ನು ಮಿಸ್ಸೌರಿ ಕಡೆ ತೋರಿಸಿದ್ದೀರಿ. ಅದು ಇರುವುದು 47ನೇ ಬೀದಿ ಮತ್ತು ಮಿಷನ್ ರಸ್ತೆ ಸೇರುವ ಮೂಲೆಯಲ್ಲಿ, ಕ್ಯಾನ್ಸಸ್ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ. ಅಲ್ಲಿ ಭಾನುವಾರ ರಜೆ. ಪಂದ್ಯ ನೋಡಲು ಬಂದವರು ನಿಮ್ಮ ನಕ್ಷೆ ಹಿಡಿದು ಭಾನುವಾರ ಮಧ್ಯಾಹ್ನ ಟ್ಯಾಕ್ಸಿ ಮಾಡಿಕೊಂಡು ಹೋದರೆ ಬೈಗುಳ ನಿಮ್ಮ ಕಚೇರಿಗೇ ಬರುತ್ತದೆ.

ಇತಿ,
ನಿಮ್ಮ ಓದುಗ, ಓವರ್‌ಲ್ಯಾಂಡ್ ಪಾರ್ಕ್, ಕ್ಯಾನ್ಸಸ್